ಮುಗ್ಗಿದ ಕಾಳು ಯಾರ ತಟ್ಟೆಗೆ?

ಮಕ್ಕಳ ಮೈಗೆ ಸತ್ವ ಬರಲೆಂದು ಕೊಟ್ಟ ಹಿಟ್ಟು ಅದು. ಕ್ವಾಷಿಯೋರ್ಕರ್ ಎಂಬ ಪ್ರೋಟೀನ್ ಕೊರತೆಯಿಂದ ಕೈಕಾಲು ಬಾತು ನರಳುತ್ತಿದ್ದ 20 ಎಳೆಯ ಮಕ್ಕಳಿಗೆ ಮೈಸೂರಿನಲ್ಲಿ ಕಡಲೆಕಾಯಿಯ ಪ್ರೋಟೀನ್ ಹಿಟ್ಟನ್ನು ದಿನಕ್ಕೆ 30ರಿಂದ 60 ಗ್ರಾಂನಷ್ಟು ಉಣಿಸಿದರು. ಕೆಲವರಿಗೆ ಕೆಲವೇ ದಿನ, ಕೆಲವರಿಗೆ ತಿಂಗಳವರೆಗೆ. ಆ ಹಿಟ್ಟಿನಲ್ಲಿ ಕಿಲೋಗೆ 300 ಮೈಕ್ರೋಗ್ರಾಂನಷ್ಟು ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷ ಇತ್ತೆಂದು ಗೊತ್ತಾದದ್ದು ಆಮೇಲೆ. ಮಕ್ಕಳ ಯಕೃತ್ತು ಊದಿಕೊಂಡಿತು. ಬರುಬರುತ್ತಾ ಅದು ನಾರುಗಟ್ಟಿ ಸಿರೋಸಿಸ್‌ಗೆ ತಿರುಗಿತು. ಹೆಂಡ ಕುಡಿದು ಕುಡಿದು ಐವತ್ತರ ಹೊತ್ತಿಗೆ ಯಕೃತ್ತು ಕಳೆದುಕೊಂಡವರಲ್ಲಿ ಕಾಣುವ ಕಾಯಿಲೆ, ಇನ್ನೂ ಶಾಲೆಯ ಮೆಟ್ಟಿಲು ಹತ್ತದ ಮಕ್ಕಳಲ್ಲಿ! ಮೈಸೂರಿನ ವೈದ್ಯರೂ ಆಹಾರ ವಿಜ್ಞಾನಿಗಳೂ ಕೂಡಿ 1971ರಲ್ಲಿ ಇದನ್ನು ಅಮೆರಿಕದ ಪೋಷಣಾ ವಿಜ್ಞಾನದ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಮುಚ್ಚಿಡಬಹುದಾಗಿದ್ದ ಸಂಗತಿಯನ್ನು ಮುಚ್ಚಿಡದೆ ಬರೆದ ಅವರಿಗೆ ನಾನು ಕೈಮುಗಿಯುತ್ತೇನೆ. ನನ್ನ ಜಗಳ ಅವರೊಂದಿಗಲ್ಲ.

ಅಂದಿನಿಂದ ಇಂದಿನವರೆಗೆ ಅರ್ಧ ಶತಮಾನ ಕಳೆದಿದೆ. ಈ ಅವಧಿಯಲ್ಲಿ ಆ ವಿಷದ ಬಗ್ಗೆ ತಿಳಿಯಬೇಕಾದದ್ದೆಲ್ಲ ತಿಳಿದಿದೆ. ಯಾವ ಬೂಷ್ಟು ಅದನ್ನು ಹುಟ್ಟಿಸುತ್ತದೆ, ಎಷ್ಟು ತೇವದಲ್ಲಿ, ಎಂಥ ಸೆಕೆಯಲ್ಲಿ, ಮೈಯೊಳಗೆ ಹೋಗಿ ಏನು ಮಾಡುತ್ತದೆ, ವಂಶವಾಹಿಯ ಯಾವ ಅಕ್ಷರವನ್ನು ತಿದ್ದುತ್ತದೆ, ಹೇಗೆ ತಡೆಯಬೇಕು, ಎಲ್ಲವೂ. ಹೀಗಿದ್ದೂ ನಮ್ಮ ಮಾರುಕಟ್ಟೆ ಪ್ರಾಂಗಣಗಳಲ್ಲಿ ಮಳೆ ಬಂದಾಗ ಮೂಟೆಗಳು ನೆನೆಯುತ್ತವೆ. ನೆಂದ ಮೂಟೆಯನ್ನು ಯಾರೂ ಎಸೆಯುವುದಿಲ್ಲ. ಅದಕ್ಕೊಂದು ಕಡಿಮೆ ಬೆಲೆ ಬೀಳುತ್ತದೆ, ಆ ಬೆಲೆಗೆ ತಕ್ಕ ಬಾಯಿಯನ್ನು ಅದು ಹುಡುಕಿಕೊಳ್ಳುತ್ತದೆ.

ನಾನು ಬರೆಯುತ್ತಿರುವುದು ಆ ಬಾಯಿಯ ಪರವಾಗಿ.

ಆಸ್ಪರ್ಜಿಲಸ್ ಫ್ಲೇವಸ್ ಎಂಬ ಹಳದಿ ಹಸಿರು ಬೂಷ್ಟು ಮಣ್ಣಿನಲ್ಲೇ ಇರುತ್ತದೆ. ಶೇಂಗಾ ಬೆಳೆ ಕೊನೆಯ ಹಂತದಲ್ಲಿ ಮಳೆಯಿಲ್ಲದೆ ಒಣಗಿದರೆ ನೆಲದೊಳಗಿನ ಕಾಯಿಯಲ್ಲೇ ಅದು ಕೂರುತ್ತದೆ. ಕಿತ್ತ ಮೇಲೆ ಕಾಯಿ ಸರಿಯಾಗಿ ಒಣಗದಿದ್ದರೆ, ಒಣಗಿದ್ದು ಮತ್ತೆ ನೆಂದರೆ, ಬೆಳೆಯುತ್ತದೆ. ಅದು ಉಗುಳುವ ಅಫ್ಲಾಟಾಕ್ಸಿನ್ ಬಿ1 ಒಲೆಯ ಬೆಂಕಿಗೆ ಬಗ್ಗುವ ವಿಷವಲ್ಲ. ಹುರಿದರೆ ಪೂರ್ತಿ ಹೋಗದು, ಬೇಯಿಸಿದರೆ ಪೂರ್ತಿ ಹೋಗದು, ರೊಟ್ಟಿ ತಟ್ಟಿ ಸುಟ್ಟರೂ ಪೂರ್ತಿ ಹೋಗದು. ಮುಗ್ಗಲು ವಾಸನೆ ಬಂದ ಜೋಳವನ್ನು ತೊಳೆದು, ಬಿಸಿಲಿಗೆ ಹಾಕಿ, ‘ಈಗ ಸರಿಯಾಯಿತು’ ಎಂದು ಬೀಸಲು ಕೊಡುವ ತಾಯಿ ತನ್ನ ಕೈಲಾದದ್ದನ್ನೆಲ್ಲ ಮಾಡಿರುತ್ತಾಳೆ. ವಿಷ ಮಾತ್ರ ಅಲ್ಲೇ ಇರುತ್ತದೆ.

ಮುಂದಿನದು ಯಕೃತ್ತಿನೊಳಗೆ ನಡೆಯುವ ಕೆಲಸ. ಅಫ್ಲಾಟಾಕ್ಸಿನ್ ತಾನಾಗಿ ವಂಶವಾಹಿಯನ್ನು ಕಚ್ಚುವುದಿಲ್ಲ. ಮೈಗೆ ಬೇಡದ್ದನ್ನು ಕರಗಿಸಿ ಹೊರಹಾಕುವುದು ಯಕೃತ್ತಿನ ಕಾಯಕ. ಆ ಕಾಯಕದ ನಡುವೆಯೇ ಅದರ ಕಿಣ್ವಗಳು ಈ ವಿಷಕ್ಕೆ ಒಂದು ಆಮ್ಲಜನಕದ ಪರಮಾಣುವನ್ನು ಜೋಡಿಸಿ ಎಪಾಕ್ಸೈಡ್ ಎಂಬ ಮುಂಗೋಪಿ ರೂಪಕ್ಕೆ ತಿರುಗಿಸಿಬಿಡುತ್ತವೆ. ಆ ಎಪಾಕ್ಸೈಡ್ ಜೀವಕೋಶದ ಡಿಎನ್‌ಎಯಲ್ಲಿರುವ ಗ್ವಾನಿನ್ ಎಂಬ ಅಕ್ಷರಕ್ಕೆ ಹೋಗಿ ಅಂಟಿಕೊಳ್ಳುತ್ತದೆ. ಜೀವಕೋಶ ಸುಮ್ಮನೆ ಸೋಲುವುದಿಲ್ಲ. ಅಂಟಿದ ತುಣುಕನ್ನು ಕತ್ತರಿಸಿ ಹೊರಹಾಕುತ್ತದೆ. ವಿಷದ ಕಾಳು ತಿಂದವರ ಮೂತ್ರದಲ್ಲಿ ಆ ತುಂಡಾದ ಗ್ವಾನಿನ್ ಸಿಗುತ್ತದೆ, ವಿಜ್ಞಾನಿಗಳು ಅಳೆಯುವುದೂ ಅದನ್ನೇ. ತನ್ನದೇ ವಂಶದ ಬರಹದ ಚೂರುಗಳನ್ನು ಮನುಷ್ಯ ಮೂತ್ರದಲ್ಲಿ ಕಳೆದುಕೊಳ್ಳುತ್ತಿದ್ದಾನೆ, ಅವನಿಗೆ ಅದರ ಸುಳಿವೂ ಇಲ್ಲ. ನೋವಿಲ್ಲ, ಜ್ವರವಿಲ್ಲ. ತಿಂದದ್ದು ಮೈಗೆ ಹತ್ತಿತೆಂದೇ ಅಂದುಕೊಂಡಿರುತ್ತಾನೆ.

ದಿನವೂ ತಿಂದರೆ ದುರಸ್ತಿ ಹಿಂದೆ ಬೀಳುತ್ತದೆ. ದುರಸ್ತಿಯಾಗದ ಜಾಗದಲ್ಲಿ ಜೀವಕೋಶ ಒಡೆದು ಎರಡಾಗುವಾಗ ಗ್ವಾನಿನ್ ಇದ್ದ ಕಡೆ ಥೈಮಿನ್ ಕೂತುಬಿಡುತ್ತದೆ. ಒಂದು ಅಕ್ಷರ ಬದಲಾಯಿತು, ಅಷ್ಟೇ. ಆದರೆ ಬದಲಾದದ್ದು ಎಲ್ಲಿ? ಟಿಪಿ53 ಎಂಬ ಜೀನ್‌ನಲ್ಲಿ. ಕೆಟ್ಟ ಜೀವಕೋಶ ಬೆಳೆಯದಂತೆ ತಡೆಯುವ, ತೀರಾ ಕೆಟ್ಟದ್ದನ್ನು ತಾನೇ ಸಾಯುವಂತೆ ಮಾಡುವ ಪಿ53 ಪ್ರೋಟೀನ್ ತಯಾರಾಗುವುದು ಆ ಜೀನ್‌ನಿಂದ. ಅದರ 249ನೇ ಸ್ಥಾನದಲ್ಲಿ ಅರ್ಜಿನಿನ್ ಇರಬೇಕಾದಲ್ಲಿ ಸೆರಿನ್ ಬರುತ್ತದೆ. ಕಾವಲು ತಪ್ಪುತ್ತದೆ. 1991ರಲ್ಲಿ ಚೀನಾದ ಕೀಡಾಂಗ್ ಪ್ರದೇಶದ ಯಕೃತ್ತಿನ ಕ್ಯಾನ್ಸರ್ ರೋಗಿಗಳ ಗೆಡ್ಡೆಗಳನ್ನು ಪರೀಕ್ಷಿಸಿದಾಗ ಸುಮಾರು ಅರ್ಧದಷ್ಟರಲ್ಲಿ ಇದೇ ಸ್ಥಾನದಲ್ಲಿ ಇದೇ ತಪ್ಪು ಕಂಡಿತು. ಅದೇ ವರ್ಷ ದಕ್ಷಿಣ ಆಫ್ರಿಕಾ ಭಾಗದ ರೋಗಿಗಳಲ್ಲೂ ಕಂಡಿತು. ಎರಡೂ ಕಡೆಯ ಜನ ತಿನ್ನುತ್ತಿದ್ದದ್ದು ಬೂಷ್ಟು ಹಿಡಿಯುವ ಕಾಳು. ಅಷ್ಟು ದೂರದ ಎರಡು ನಾಡುಗಳ ಜನರ ಯಕೃತ್ತಿನಲ್ಲಿ ಒಂದೇ ಬೆರಳಚ್ಚು!

ಕೊಲೆಗಾರ ಬೆರಳಚ್ಚು ಬಿಟ್ಟು ಹೋದರೆ ಪೊಲೀಸರು ಮನೆ ಬಾಗಿಲಿಗೆ ಬರುತ್ತಾರೆ. ಇಲ್ಲಿ ಜೀವಕೋಶ ತನ್ನೊಳಗೆ ಬರೆದಿಟ್ಟುಕೊಂಡ ಸಾಕ್ಷಿ ಯಾವ ಠಾಣೆಗೂ ಯಾವ ಕಚೇರಿಗೂ ಹೋಗುವುದಿಲ್ಲ. ಕಾಳು ನೆಂದ ದಿನಕ್ಕೂ ಗೆಡ್ಡೆ ಕಂಡ ದಿನಕ್ಕೂ ನಡುವೆ ವರ್ಷಗಟ್ಟಲೆ ಅಂತರವಿದೆ. ಅಷ್ಟರಲ್ಲಿ ಗೋದಾಮಿನ ಅಧಿಕಾರಿ ಬಡ್ತಿ ಪಡೆದಿರುತ್ತಾನೆ, ವ್ಯಾಪಾರಿ ಮಗನಿಗೆ ಅಂಗಡಿ ಬಿಟ್ಟುಕೊಟ್ಟಿರುತ್ತಾನೆ, ರೋಗಿಯ ಚೀಟಿಯಲ್ಲಿ ‘ಯಕೃತ್ತಿನ ಕ್ಯಾನ್ಸರ್’ ಎಂದಷ್ಟೇ ಇರುತ್ತದೆ. ಈ ಅಂತರವೇ ಅವರೆಲ್ಲರ ರಕ್ಷಣೆ. ನಿಧಾನವಾಗಿ ಕೊಲ್ಲುವವನಿಗೆ ನಮ್ಮಲ್ಲಿ ಶಿಕ್ಷೆಯಿಲ್ಲ ಎಂಬುದು ಗೊತ್ತಿರುವುದರಿಂದಲೇ ಇಷ್ಟು ನಿಶ್ಚಿಂತೆ.

ನಿಧಾನವಾಗಿ ಅಲ್ಲದೆ ಒಮ್ಮೆಗೇ ಕೊಂದಾಗಲಾದರೂ ಎಚ್ಚರಗೊಂಡರೇ? 1974ರ ಅಕ್ಟೋಬರ್‌ನಲ್ಲಿ ರಾಜಸ್ಥಾನದ ಬಾಂಸವಾಡಾ, ಗುಜರಾತಿನ ಪಂಚಮಹಲ್ ಜಿಲ್ಲೆಗಳಲ್ಲಿ ಅಕಾಲದ ಮಳೆ ಸುರಿಯಿತು. ಮೆಕ್ಕೆಜೋಳದ ತೆನೆಗಳು ನೆಂದವು. ಅಲ್ಲಿನ ಬುಡಕಟ್ಟು ಜನರ ಮನೆಯಲ್ಲಿ ಅದನ್ನು ಬಿಟ್ಟರೆ ಬೇರೆ ಕಾಳಿರಲಿಲ್ಲ. ಮೊದಲು ಮನೆಯ ನಾಯಿಗಳು ಸತ್ತವು. ಆಮೇಲೆ ಮನುಷ್ಯರ ಕಣ್ಣು ಹಳದಿಯಾಯಿತು, ಹೊಟ್ಟೆಯಲ್ಲಿ ನೀರು ತುಂಬಿತು, ರಕ್ತ ಕಾರಿದರು. 397 ಜನ ಹಾಸಿಗೆ ಹಿಡಿದರು, 106 ಜನ ಸತ್ತರು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ಹೋಗಿ ಕಾಳನ್ನು ಪರೀಕ್ಷಿಸಿದಾಗ ಕಿಲೋಗೆ 6ರಿಂದ 15 ಮಿಲಿಗ್ರಾಂವರೆಗೆ ಅಫ್ಲಾಟಾಕ್ಸಿನ್ ಸಿಕ್ಕಿತು. ಇಂದು ಕಾನೂನು ಒಪ್ಪುವ ಮಿತಿ ಕಿಲೋಗೆ 15 ಮೈಕ್ರೋಗ್ರಾಂ. ಅಂದರೆ ಆ ಜನ ತಿಂದ ಕಾಳಿನಲ್ಲಿ ಈ ಮಿತಿಯ ನಾನೂರು ಪಟ್ಟು, ಕೆಲವು ಕಡೆ ಸಾವಿರ ಪಟ್ಟು ವಿಷವಿತ್ತು.

ಇದಕ್ಕೆ 14 ವರ್ಷ ಮೊದಲು, 1960ರಲ್ಲಿ, ಇಂಗ್ಲೆಂಡಿನಲ್ಲಿ ಒಂದು ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತಿದ್ದವು. ಬ್ರೆಜಿಲ್‌ನಿಂದ ತಂದ ಕಡಲೆಕಾಯಿ ಹಿಂಡಿಯೇ ಕಾರಣವೆಂದು ಪತ್ತೆಹಚ್ಚಿ, ವಿಷವನ್ನು ಬೇರ್ಪಡಿಸಿ, ಹೆಸರಿಟ್ಟು, ಎರಡು ವರ್ಷದೊಳಗೆ ಜಗತ್ತಿಗೆ ತಿಳಿಸಿದರು. ಕೋಳಿ ಸತ್ತರೆ ದುಡ್ಡು ಹೋಗುತ್ತದೆ, ಅದಕ್ಕೇ ಅಷ್ಟು ಅವಸರ. ಆ ಅರಿವು 1974ರ ಹೊತ್ತಿಗೆ ಗ್ರಂಥಾಲಯಗಳಲ್ಲಿತ್ತು, ಮೈಸೂರಿನ ಮಕ್ಕಳ ವರದಿಯೂ ಇತ್ತು. ಬಾಂಸವಾಡಾದ ಒಂದು ಗುಡಿಸಲಿಗೂ ಅದು ತಲುಪಿರಲಿಲ್ಲ. ಮಳೆ ಬಂದು ತೆನೆ ನೆಂದ ಮೇಲೆ ‘ಇದನ್ನು ತಿನ್ನಬೇಡಿ, ಇಗೋ ಬೇರೆ ಕಾಳು’ ಎಂದು ಹೇಳಲು ಒಬ್ಬ ಸರ್ಕಾರಿ ನೌಕರನಿದ್ದಿದ್ದರೆ ಸಾಕಿತ್ತು.

ಬಾಂಸವಾಡಾ ದೂರದ ಮಾತು ಎನ್ನುವವರಿಗೆ ಇನ್ನೊಂದನ್ನು ನೆನಪಿಸುತ್ತೇನೆ. 1995ರಲ್ಲಿ ನಮ್ಮದೇ ದಖ್ಖನ್ ಪ್ರಸ್ಥಭೂಮಿಯ ಹಳ್ಳಿಗಳಲ್ಲಿ ಕೊಯ್ಲಿನ ಹೊತ್ತಿನ ಮಳೆಗೆ ನೆಂದ ಜೋಳ, ಮೆಕ್ಕೆಜೋಳ ತಿಂದು ಜನ ಹೊಟ್ಟೆನೋವು, ಭೇದಿಯಿಂದ ನರಳಿದರು. ಈ ಸಲ ಬೇರೆ ಬೂಷ್ಟು, ಫ್ಯುಮೋನಿಸಿನ್ ಎಂಬ ಬೇರೆ ವಿಷ. ಮಳೆ ಅದೇ, ಬಡತನ ಅದೇ, ಬೇರೆ ಕಾಳಿಲ್ಲದ ಮನೆ ಅದೇ.

ರೈತನನ್ನು ದೂರುವವರ ಬಾಯಿಯನ್ನು ಮೊದಲು ಮುಚ್ಚಿಸಬೇಕು. ದಾವಣಗೆರೆ, ಹಾವೇರಿ ಕಡೆ ಸುಗ್ಗಿಯಲ್ಲಿ ಹೋದರೆ ಮೆಕ್ಕೆಜೋಳ ಡಾಂಬರು ರಸ್ತೆಯ ಮೇಲೆ ಒಣಗುತ್ತಿರುತ್ತದೆ. ಕಾರಿನವರು ಬೈದುಕೊಂಡು ಹೋಗುತ್ತಾರೆ. ಒಣಗಿಸಲು ಅವನಿಗೆ ಕಣವೆಲ್ಲಿದೆ? ಹಳೆಯ ಕಣಗಳು ಹೋದವು, ಹಗೇವುಗಳು ಮುಚ್ಚಿದವು, ಅವುಗಳ ಜಾಗಕ್ಕೆ ಸರ್ಕಾರ ಏನು ಕೊಟ್ಟಿತು? ರಸ್ತೆಯ ಮೇಲೆ ಹರಡಿದವನು ಕಾಳು ಒಣಗಿಸಬೇಕೆಂಬ ಜ್ಞಾನವಿರುವವನು. ಮೋಡ ಕಂಡಾಗ ಹೆಂಡತಿ ಮಕ್ಕಳೊಂದಿಗೆ ಓಡಿಬಂದು ತಾಡಪತ್ರಿ ಹೊದಿಸುವವನು. ಅದೇ ಕಾಳು ಮಾರುಕಟ್ಟೆಗೆ ಬಂದ ಕೂಡಲೇ ದಲ್ಲಾಳಿ ತೇವಾಂಶದ ಹೆಸರಿನಲ್ಲಿ ಬೆಲೆ ಕಡಿಯುತ್ತಾನೆ. ತೇವ ಕೆಟ್ಟದ್ದೆಂದು ಅವನಿಗೆ ಅಷ್ಟು ಚೆನ್ನಾಗಿ ಗೊತ್ತಿದ್ದರೆ, ಕಡಿಮೆ ಬೆಲೆಗೆ ಕೊಂಡ ಮೇಲೆ ಒಣಗಿಸುತ್ತಾನೆಯೇ? ಅದೇ ತೇವದಲ್ಲಿ ಮೂಟೆಯ ಮೇಲೆ ಮೂಟೆ ಪೇರಿಸುತ್ತಾನೆ.

ಶೇಂಗಾದ ಕಥೆ ಇನ್ನೂ ಹೊಲಸು. ಒಣಗಿದ ಕಾಯಿಯನ್ನು ಒಡೆಯುವಾಗ ಬೀಜ ಎರಡು ಹೋಳಾದರೆ ಬೆಲೆ ಬೀಳುತ್ತದೆ. ಅದಕ್ಕಾಗಿ ಒಡೆಯುವ ಮೊದಲು ಕಾಯಿಗೆ ನೀರು ಚಿಮುಕಿಸಿ ಮೆದು ಮಾಡುವ ಪದ್ಧತಿಯಿದೆ. ತಿಂಗಳುಗಟ್ಟಲೆ ಬೆವರು ಸುರಿಸಿ ಬೆಳೆದು ಒಣಗಿಸಿದ ಕಾಯಿಗೆ ಬೂಷ್ಟು ಬೇಡುವ ನೀರನ್ನು ಕೈಯಾರೆ ಎರೆಯುವುದು! ಕೃಷಿ ವಿಜ್ಞಾನಿಗಳು ಬೇಡ ಬೇಡ ಎಂದು ಬರೆದದ್ದು ಪುಸ್ತಕದಲ್ಲಿದೆ. ಆಮೇಲೆ ಬೀಜಗಳನ್ನು ಆರಿಸುತ್ತಾರೆ. ದುಂಡಗೆ, ಹೊಳೆಯುವ, ಒಂದೇ ಗಾತ್ರದವು ಹಡಗು ಹತ್ತುತ್ತವೆ. ಸುಕ್ಕಾದವು, ಬಣ್ಣಗೆಟ್ಟವು, ಹುಳ ತಿಂದವು ಉಳಿಯುತ್ತವೆ. ಅಫ್ಲಾಟಾಕ್ಸಿನ್ ಎಲ್ಲ ಬೀಜದಲ್ಲೂ ಸಮನಾಗಿ ಹಂಚಿಕೊಂಡಿರುವುದಿಲ್ಲ. ಹಾಳಾದ ಕೆಲವೇ ಬೀಜಗಳಲ್ಲಿ ರಾಶಿಯಾಗಿರುತ್ತದೆ. ಆರಿಸಿ ತೆಗೆದ ಹಾಳು ಬೀಜವೆಂದರೆ ಆರಿಸಿ ತೆಗೆದ ವಿಷವೆಂದೇ ಅರ್ಥ. ಅದನ್ನು ಹೂಳಬೇಕು ಅಥವಾ ಸುಡಬೇಕು. ಅದು ಹೋಗುವುದು ಎಣ್ಣೆ ಗಿರಣಿಗೆ. ಎಣ್ಣೆ ತೆಗೆದ ಮೇಲೆ ವಿಷದ ಬಹುಪಾಲು ಹಿಂಡಿಯಲ್ಲಿ ಕೂರುತ್ತದೆ. ಹಿಂಡಿ ಹಸುವಿನ ಬಾನಿಗೆ ಹೋಗುತ್ತದೆ. ಬೆಳೆದವರ ಮನೆಯಲ್ಲೂ, ಆರಿಸುವ ಹೆಂಗಸರ ಮಡಿಲಲ್ಲೂ ಉಳಿಯುವುದು ಇಂಥ ಕಳಪೆ ಬೀಜವೇ.

ಹಡಗು ಹತ್ತಿದ ಬೀಜಕ್ಕೆ ಎಷ್ಟು ಮರ್ಯಾದೆ! ನೇರವಾಗಿ ತಿನ್ನುವ ಕಡಲೆಬೀಜದಲ್ಲಿ ಒಟ್ಟು ಅಫ್ಲಾಟಾಕ್ಸಿನ್ ಕಿಲೋಗೆ 4 ಮೈಕ್ರೋಗ್ರಾಂ ಮೀರಕೂಡದೆಂದು ಯುರೋಪಿನ ಕಾನೂನು. ಮೀರಿದರೆ ಬಂದರಿನಲ್ಲೇ ತಡೆ. ಅದಕ್ಕಾಗಿ ಇಲ್ಲಿ ರಫ್ತು ಮಂಡಳಿಯ ನಿಯಮಗಳಿವೆ, ಪ್ರಯೋಗಾಲಯಗಳಿವೆ, ಪ್ರಮಾಣಪತ್ರಗಳಿವೆ. ಅಂದರೆ ಪರೀಕ್ಷೆ ಮಾಡಲು ನಮಗೆ ಬರುತ್ತದೆ, ಯಂತ್ರವಿದೆ, ಹಣವಿದೆ. ಯಾರಿಗಾಗಿ ಮಾಡಬೇಕು ಎಂಬುದಷ್ಟೇ ತೀರ್ಮಾನವಾಗಿಹೋಗಿದೆ. ನಮ್ಮ ಮಿತಿ ದಶಕಗಳ ಕಾಲ 30 ಇತ್ತು, ಆಮೇಲೆ 15ಕ್ಕೆ ಇಳಿದಿದೆ. ಆ ಹದಿನೈದನ್ನಾದರೂ ಸಂತೆಯಲ್ಲಿ, ಕಿರಾಣಿ ಅಂಗಡಿಯಲ್ಲಿ, ನ್ಯಾಯಬೆಲೆ ಅಂಗಡಿಯಲ್ಲಿ ಅಳೆಯುವವರು ಯಾರು? ಫ್ರಾಂಕ್‌ಫರ್ಟಿನ ಮಗುವಿನ ಯಕೃತ್ತಿಗೂ ಚಳ್ಳಕೆರೆಯ ಮಗುವಿನ ಯಕೃತ್ತಿಗೂ ಗ್ವಾನಿನ್ ಒಂದೇ.

ಈಗ ಹಾಲಿನ ಮಾತು. ಹಸು ಬೂಷ್ಟು ಹಿಡಿದ ಹಿಂಡಿ ತಿಂದ ಒಂದೇ ದಿನದೊಳಗೆ ಅಫ್ಲಾಟಾಕ್ಸಿನ್ ಎಂ1 ಆಗಿ ಅದು ಹಾಲಿಗಿಳಿಯುತ್ತದೆ. ಕಾಯಿಸಿದರೂ ಹೋಗುವುದಿಲ್ಲ. 2018ರಲ್ಲಿ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ ದೇಶದಾದ್ಯಂತ 6,432 ಹಾಲಿನ ಮಾದರಿಗಳನ್ನು ಪರೀಕ್ಷಿಸಿತು. 368ರಲ್ಲಿ, ಅಂದರೆ ನೂರಕ್ಕೆ 5.7ರಷ್ಟರಲ್ಲಿ, ಎಂ1 ಮಿತಿ ಮೀರಿತ್ತು. ಆ ಮಿತಿಯಾದರೂ ಎಷ್ಟು? ಕಿಲೋಗೆ 0.5 ಮೈಕ್ರೋಗ್ರಾಂ, ಯುರೋಪಿನದರ ಹತ್ತು ಪಟ್ಟು. ಪ್ರಾಧಿಕಾರದ ಪ್ರಕಟಣೆ ಮಾತ್ರ ನೂರಕ್ಕೆ 93 ಮಾದರಿಗಳು ಪೂರ್ತಿ ಸುರಕ್ಷಿತ ಎಂದು ಸಂತೋಷ ಹಂಚಿತು. ಈ ವಿಷ ಮೇವು ಮತ್ತು ಪಶು ಆಹಾರದಿಂದ ಬರುತ್ತದೆ, ಅವುಗಳ ಮೇಲೆ ದೇಶದಲ್ಲಿ ನಿಯಂತ್ರಣವೇ ಇಲ್ಲ ಎಂದು ಅದೇ ಪ್ರಾಧಿಕಾರ ಒಪ್ಪಿಕೊಂಡಿತು. ಮಿತಿ ಮೀರಿದ ಹಾಲು ಕುಡಿದವರಲ್ಲಿ ಯಾರೆಲ್ಲ ಇದ್ದಾರೆ? ಬೇರೇನೂ ತಿನ್ನಲು ಬಾರದ ಕೂಸುಗಳೂ ಇದ್ದಾರೆ. ಎದೆಹಾಲು ಸಾಲದೆಂದು ಬಾಟಲಿ ಹಿಡಿಸಿದ ತಾಯಂದಿರಿಗೆ ಈ ಮಾತನ್ನು ಯಾವ ಜಾಹೀರಾತಿನಲ್ಲಿ ಹೇಳಿದ್ದೀರಿ?

ಸ್ವಲ್ಪ ತಿಂದರೆ ಏನಾಗುತ್ತದೆ ಎಂದು ಕೇಳುವವರಿದ್ದಾರೆ. 1987ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಅಫ್ಲಾಟಾಕ್ಸಿನ್‌ಗಳನ್ನು ಮನುಷ್ಯರಿಗೆ ಕ್ಯಾನ್ಸರ್ ತರುವುದು ಖಚಿತವಾದ ಮೊದಲ ಗುಂಪಿಗೆ ಸೇರಿಸಿದೆ. ಶಾಂಘೈನಲ್ಲಿ 18,000ಕ್ಕೂ ಹೆಚ್ಚು ಗಂಡಸರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನದ ಲೆಕ್ಕ ಇನ್ನೂ ಭಯಂಕರ. ಹೆಪಟೈಟಿಸ್ ಬಿ ಸೋಂಕು ಮಾತ್ರ ಇದ್ದವರಿಗೆ ಯಕೃತ್ತಿನ ಕ್ಯಾನ್ಸರಿನ ಅಪಾಯ ಏಳು ಪಟ್ಟು, ಅಫ್ಲಾಟಾಕ್ಸಿನ್ ಮಾತ್ರ ಇದ್ದವರಿಗೆ ಮೂರು ಪಟ್ಟಿಗೂ ಹೆಚ್ಚು. ಎರಡೂ ಕೂಡಿದವರಿಗೆ ಐವತ್ತೊಂಬತ್ತು ಪಟ್ಟು! ಹುಟ್ಟಿದ ಮಗುವಿಗೆ ಹೆಪಟೈಟಿಸ್ ಬಿ ಲಸಿಕೆ ದೇಶದ ಎಲ್ಲ ಕಡೆ ಸರ್ಕಾರಿ ಕಾರ್ಯಕ್ರಮದಲ್ಲಿ ಸೇರಿದ್ದು 2011ರ ಹೊತ್ತಿಗೆ. ಅದಕ್ಕೂ ಮೊದಲು ಹುಟ್ಟಿದ ಕೋಟ್ಯಂತರ ಬಡವರ ಮೈಯಲ್ಲಿ ಸೋಂಕಿದೆಯೋ ಇಲ್ಲವೋ ಅವರಿಗೇ ಗೊತ್ತಿಲ್ಲ. ಅವರ ತಟ್ಟೆಗೆ ಮುಗ್ಗಿದ ಕಾಳು ಬಡಿಸಿ ಸ್ವಲ್ಪ ತಾನೇ ಎನ್ನುವುದೇ?

2010ರಲ್ಲಿ ಸರ್ಕಾರಿ ಧಾನ್ಯ ಗೋದಾಮಿನ ಹೊರಗೆ ಮಳೆಗೆ ಕೊಳೆಯುತ್ತಿದ್ದಾಗ, ಕೊಳೆಯುವ ಮೊದಲು ಹಸಿದವರಿಗೆ ಹಂಚಿರೆಂದು ಸುಪ್ರೀಂ ಕೋರ್ಟ್ ಹೇಳಿತು. ನೀತಿಯ ವಿಷಯಕ್ಕೆ ನ್ಯಾಯಾಲಯ ಕೈಹಾಕಬಾರದು ಎಂದರು ಅಂದಿನ ಪ್ರಧಾನಿ ಮನಮೋಹನ ಸಿಂಗ್. ಕಾಳನ್ನು ನೆನೆಯಲು ಬಿಡುವುದೂ ಒಂದು ನೀತಿಯೇ ಹಾಗಾದರೆ? ಆಮೇಲೆ ಆಳಿದವರೂ ಆಳುತ್ತಿರುವವರೂ ಈ ಪ್ರಶ್ನೆಗೆ ಉತ್ತರ ಕೊಟ್ಟಿಲ್ಲ.

ಇದು ವಿಧಿಯಲ್ಲ ಎಂಬುದಕ್ಕೆ ಕೀಡಾಂಗ್ ಊರೇ ಸಾಕ್ಷಿ. 249ನೇ ಸ್ಥಾನದ ಬೆರಳಚ್ಚು ಮೊದಲು ಸಿಕ್ಕಿದ ಅದೇ ಕೀಡಾಂಗ್. ಅಲ್ಲಿನ ಜನರ ಮುಖ್ಯ ಆಹಾರ ಮೆಕ್ಕೆಜೋಳವಾಗಿತ್ತು. 1980ರ ದಶಕದಲ್ಲಿ ಚೀನಾದ ನೀತಿ ಬದಲಾಗಿ, ಅವರ ಮನೆಗೆ ಅಕ್ಕಿ ಬಂತು. ರಕ್ತದಲ್ಲಿ ಅಫ್ಲಾಟಾಕ್ಸಿನ್ ಗುರುತು ಮುಂದಿನ ದಶಕಗಳಲ್ಲಿ ಹತ್ತಾರು ಪಟ್ಟು ಇಳಿಯಿತು. ಎಳೆಯ ವಯಸ್ಕರಲ್ಲಿ ಯಕೃತ್ತಿನ ಕ್ಯಾನ್ಸರಿನ ಸಾವು ಅರ್ಧಕ್ಕೂ ಕೆಳಗೆ ಬಂತು. ಹೆಪಟೈಟಿಸ್ ಬಿ ಲಸಿಕೆ ಪಡೆದ ಮಕ್ಕಳು ಇನ್ನೂ ಕ್ಯಾನ್ಸರಿನ ವಯಸ್ಸಿಗೆ ಬರುವ ಮೊದಲೇ ಇಳಿದದ್ದು ಇದು. ಹೊಸ ಔಷಧಿಯಿಂದಲ್ಲ, ಬಹುಪಾಲು ತಟ್ಟೆಯ ಕಾಳು ಬದಲಾದದ್ದರಿಂದ. ನಮ್ಮವರು ಜೋಳ, ಶೇಂಗಾ ಬಿಡಬೇಕೆಂದು ನಾನು ಹೇಳುತ್ತಿಲ್ಲ. ನಮ್ಮ ರೊಟ್ಟಿ ಚಟ್ನಿಪುಡಿಯನ್ನು ಕಿತ್ತುಕೊಳ್ಳುವ ಸಲಹೆ ನನಗೆ ಬೇಡ. ಒಣಗಿದ, ಒಳ್ಳೆಯ ಜೋಳ ಶೇಂಗಾ ಕೊಡಿ ಎನ್ನುತ್ತಿದ್ದೇನೆ.

ಏನು ಬೇಕು ಅದಕ್ಕೆ? ಶೇಂಗಾದ ತೇವ ನೂರಕ್ಕೆ ಎಂಟಕ್ಕೆ ಇಳಿಯುವವರೆಗೆ ಒಣಗಿಸಲು ಊರಿಗೊಂದು ಸಿಮೆಂಟಿನ ಕಣ, ಮಳೆಗೆ ಮೇಲೊಂದು ಶೆಡ್ಡು. ಗಾಳಿಯಾಡದ ಒಳಚೀಲವಿರುವ ಮೂಟೆ. ಹೈದರಾಬಾದಿನ ಇಕ್ರಿಸ್ಯಾಟ್ ಎಂಬ ಕೃಷಿ ಸಂಶೋಧನಾ ಸಂಸ್ಥೆ ಕಡಿಮೆ ಖರ್ಚಿನ ಅಫ್ಲಾಟಾಕ್ಸಿನ್ ಪರೀಕ್ಷೆಯನ್ನು ಎಂದೋ ರೂಪಿಸಿದೆ. ಆಫ್ರಿಕಾದ ಹಲವು ದೇಶಗಳಲ್ಲಿ ವಿಷ ಹುಟ್ಟಿಸದ ಅದೇ ಜಾತಿಯ ಬೂಷ್ಟನ್ನು ಹೊಲಕ್ಕೆ ಚೆಲ್ಲಿ, ವಿಷದ ಬೂಷ್ಟಿಗೆ ಜಾಗವಿಲ್ಲದಂತೆ ಮಾಡುತ್ತಿದ್ದಾರೆ. ಅಫ್ಲಾಸೇಫ್ ಎಂಬ ಆ ಕೆಲಸವನ್ನು ಮುನ್ನಡೆಸಿದವರಲ್ಲಿ ಭಾರತ ಮೂಲದ ರಣಜಿತ್ ಬಂದ್ಯೋಪಾಧ್ಯಾಯ ಒಬ್ಬರು. 2004ರಲ್ಲಿ ಕೀನ್ಯಾದಲ್ಲಿ ಮುಗ್ಗಿದ ಮೆಕ್ಕೆಜೋಳ ತಿಂದು 125 ಜನ ಸತ್ತ ಮೇಲೆ ಆ ದೇಶವೂ ಅದನ್ನು ಹೊಲಕ್ಕೆ ತಂದಿತು. ನಮ್ಮಲ್ಲಿ ವಿಜ್ಞಾನಿಗಳ ಕೊರತೆಯಿಲ್ಲ, ಮೈಸೂರಿನಲ್ಲಿ 1950ರಿಂದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯೇ ಇದೆ. ಅವರ ಮಾತು ಮಾರುಕಟ್ಟೆಯ ಗೇಟು ದಾಟಿ ಒಳಗೆ ಬರುತ್ತಿಲ್ಲ.

ಮುಂಗಾರಿನ ಶೇಂಗಾ ಕೀಳುವ ಹೊತ್ತಿಗೆ ಚಳ್ಳಕೆರೆ, ಪಾವಗಡ, ಗದಗ, ಬಳ್ಳಾರಿಯ ಪ್ರತಿ ಮಾರುಕಟ್ಟೆಯಲ್ಲಿ ಒಂದು ಪರೀಕ್ಷಾ ಕೊಠಡಿ ತೆರೆದಿರಬೇಕು. ರಾಶಿಯ ಪರೀಕ್ಷೆಯ ಫಲಿತಾಂಶ ಆ ದಿನದ ಧಾರಣೆಯ ಪಕ್ಕದಲ್ಲೇ, ಅದೇ ಕರಿಹಲಗೆಯ ಮೇಲೆ, ಕನ್ನಡದಲ್ಲಿ ಬರೆದಿರಬೇಕು. ಕಾಯಿಗೆ ನೀರು ಹೊಡೆದವನ ಪರವಾನಗಿ ಹೋಗಬೇಕು. ಮಿತಿ ಮೀರಿದ ರಾಶಿಯನ್ನು ಎಣ್ಣೆ ಗಿರಣಿಗೆ ಸಾಗಿಸದೆ ಎಲ್ಲರ ಕಣ್ಣೆದುರು ನಾಶಮಾಡಬೇಕು, ರೈತನಿಗೆ ಅದರ ಪೂರ್ತಿ ಬೆಲೆ ಸರ್ಕಾರ ಕೊಡಬೇಕು. ಪಶು ಆಹಾರದ ಪ್ರತಿ ಚೀಲದ ಮೇಲೆ ಅಫ್ಲಾಟಾಕ್ಸಿನ್ ಎಷ್ಟೆಂದು ಅಚ್ಚಾಗಿರಬೇಕು, ಸುಳ್ಳು ಅಚ್ಚು ಹಾಕಿದವನ ಮೇಲೆ ಕೊಲೆಯತ್ನದ ಮೊಕದ್ದಮೆ ಹೂಡಬೇಕು. ಅಂಗನವಾಡಿಗೆ, ಶಾಲೆಗೆ, ನ್ಯಾಯಬೆಲೆ ಅಂಗಡಿಗೆ ಬರುವ ಕಾಳಿಗೆ ಹಡಗು ಹತ್ತುವ ಬೀಜಕ್ಕಿರುವ ಮಿತಿಯೇ ಇರಬೇಕು, ಅದಕ್ಕಿಂತ ಒಂದು ಮೈಕ್ರೋಗ್ರಾಂ ಹೆಚ್ಚು ಬೇಡ.